ಟ್ರಾಕ್ಟರಿನ ಕೆಳಗೆ ಯಜಮಾನರು

ಸೊಂಟಕ್ಕೆ ನಾಲ್ಕು ಬೋಲ್ಟು ಕೊಡದೆ ಮನುಷ್ಯನನ್ನು ತಯಾರು ಮಾಡಿದ್ದು ಯಾರ ಬುದ್ಧಿ ಎಂಬುದು ಯಜಮಾನರ ಮೊದಲ ತಕರಾರು. ಬೋಲ್ಟು ಇದ್ದಿದ್ದರೆ ಬಿಚ್ಚಬಹುದಿತ್ತು, ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯಬಹುದಿತ್ತು, ಗ್ರೀಸು ಬಳಿದು ಮತ್ತೆ ಕೂರಿಸಬಹುದಿತ್ತು. ಅರ್ಧ ದಿನದ ಕೆಲಸ. ಅದು ಬಿಟ್ಟು ಇದೇನಿದು, ಬಿಸಿನೀರಿನ ಚೀಲವಂತೆ, ಮುಲಾಮಂತೆ, ಗೋಡೆ ಹಿಡಿದು ಕಾಲೆತ್ತುವುದಂತೆ. ಅಜ್ಜನ ಕಾಲದ ಟ್ರಾಕ್ಟರಿಗೆ ಇರುವ ಅನುಕೂಲ ಮೊನ್ನೆ ಮೊನ್ನೆ ಅರವತ್ತು ದಾಟಿದ ಮನುಷ್ಯನಿಗೆ ಇಲ್ಲವೆಂದರೆ ಅದು ಅನ್ಯಾಯವಲ್ಲದೆ ಮತ್ತೇನು?

ಎರಡನೆಯ ತಕರಾರು ಹೆಂಡತಿಯ ಮೇಲೆ. (ನ್ಯಾಯವಾಗಿ ಮೊದಲನೆಯದೇ ಇದು. ಆದರೆ ಇದನ್ನು ಜೋರಾಗಿ ಹೇಳುವ ಧೈರ್ಯ ಯಜಮಾನರಿಗೆ ಇನ್ನೂ ಬಂದಿಲ್ಲವಾದ್ದರಿಂದ ಎರಡನೆಯದಾಗಿ ಉಳಿದುಕೊಂಡಿದೆ.) ಭಾನುವಾರ ಹಳೆಯ ಟ್ರಾಕ್ಟರು ಸಂಘದವರ ಮೆರವಣಿಗೆ. ಅದರಲ್ಲಿ ತಮ್ಮ ಕೈಯಾರೆ ರಿಪೇರಿ ಮಾಡಿದ ಟ್ರಾಕ್ಟರನ್ನು ತಾವೇ ಓಡಿಸಿಕೊಂಡು, ಎರಡೂ ಕಡೆ ನಿಂತ ಜನರಿಗೆ ಕೈ ಬೀಸುತ್ತ ಹೋಗಬೇಕೆಂಬುದು ಯಜಮಾನರ ಎರಡು ವರ್ಷದ ಕನಸು. ಅಂಥ ಕನಸಿಗೆ ಆ ಹೆಂಗಸು ಒಂದು ಷರತ್ತು ಹಾಕಿದ್ದರು.

"ಭಾನುವಾರದೊಳಗೆ ಇನ್ನೊಂದು ಸಲ ಸೊಂಟ ಹಿಡ್ಕೊಂಡ್ರೆ ನೀವು ಆ ಗಾಡಿ ಹತ್ತೋ ಹಾಗಿಲ್ಲ. ನಾನೇ ಸಂಘಕ್ಕೆ ಫೋನ್ ಮಾಡಿ ಹೇಳಿಬಿಡ್ತೀನಿ. ಅರ್ಧ ದಾರೀಲಿ ನಿಮ್ಮನ್ನ ಎತ್ತಿ ಇಳಿಸೋಕೆ ನನ್ನ ಕೈಲಾಗಲ್ಲ."

"ಸೊಂಟ ಯಾಕೆ ಹಿಡ್ಕೊಳ್ಳುತ್ತೆ? ನನ್ನ ಸೊಂಟ ನನಗೆ ಗೊತ್ತಿಲ್ವಾ?"

"ನಿಮಗೆ ಗೊತ್ತು. ಸೊಂಟಕ್ಕೆ ನೀವು ಗೊತ್ತಿದ್ದೀರಾ ಅಂತ ನನ್ನ ಅನುಮಾನ."

ಯಜಮಾನರು ಹಲ್ಲು ಕಡಿಯುತ್ತ ಸ್ಪ್ಯಾನರು ಎತ್ತಿಕೊಂಡು ಟ್ರಾಕ್ಟರಿನ ಕಡೆ ನಡೆದರು.

ಅವರ ಕಥೆ ಸ್ವಲ್ಪ ಹೇಳಬೇಕು. ಬದುಕಿಡೀ ಹೊಲಿಗೆ ಯಂತ್ರ ರಿಪೇರಿ ಮಾಡಿದವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆ ಕಾಳಿನಂಥ ಸ್ಕ್ರೂಗಳನ್ನು ಚಿಮುಟದಲ್ಲಿ ಎತ್ತಿ ಎತ್ತಿ ಇಟ್ಟವರು. ಅಂಗಡಿ ಮುಚ್ಚಿದ ಮೇಲೆ, ಸಣ್ಣ ಸಾಮಾನುಗಳ ಮೇಲೆಲ್ಲ ಸೇಡು ತೀರಿಸಿಕೊಳ್ಳುವವರ ಹಾಗೆ, ಯಾವುದೋ ಬೇಲಿಯೊಳಗೆ ಮಣ್ಣಾಗುತ್ತಿದ್ದ ಒಂದು ಟ್ರಾಕ್ಟರನ್ನು ಮನೆಗೆ ಎಳೆಸಿಕೊಂಡು ಬಂದರು. ಅದರ ಒಂದು ಬೋಲ್ಟು ಅವರ ಹಳೆಯ ಅಂಗಡಿಯ ಎಲ್ಲ ಸ್ಕ್ರೂಗಳನ್ನು ಒಟ್ಟಿಗೆ ತೂಗಿದಷ್ಟು ಭಾರ. ಚಿಮುಟ ಹಿಡಿದ ಕೈ ಏಕಾಏಕಿ ಹಾರೆ ಹಿಡಿದರೆ ಮೈ ಸುಮ್ಮನಿರುತ್ತದೆಯೆ? ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಎರಡು ವರ್ಷದಿಂದ ಟ್ರಾಕ್ಟರು ಒಂದೊಂದೇ ಅಂಗ ಸುಧಾರಿಸಿಕೊಳ್ಳುತ್ತ ಬಂತು, ಯಜಮಾನರು ಒಂದೊಂದೇ ಅಂಗ ಕಳೆದುಕೊಳ್ಳುತ್ತ ಬಂದರು. ಇಂಜಿನ್ ಉಸಿರಾಡಿದ ದಿನ ಸ್ಟಾರ್ಟಿಂಗ್ ಹ್ಯಾಂಡಲು ತಿರುಗಿ ಹೊಡೆದು ಬಲಗೈ ಹೆಬ್ಬೆರಳು ಮುರಿಯಿತು. ರೇಡಿಯೇಟರು ಸೋರುವುದು ನಿಂತ ವಾರ ಮೊಣಕಾಲಲ್ಲಿ ನೀರು ತುಂಬಿತು. ಹಿಂದಿನ ಚಕ್ರ ಕೂತ ದಿನ ಭುಜ ಇಳಿಯಿತು.

ಈ ಯಾವ ಪೆಟ್ಟಿಗೂ ಟ್ರಾಕ್ಟರು ಕಾರಣವಲ್ಲ ಎಂಬುದು ಯಜಮಾನರ ಖಚಿತ ನಿಲುವು. ಹಣೆ ಬುಗುಟೆದ್ದದ್ದು ಹೆಂಡತಿ ಕಾಫಿಗೆ ಕರೆದದ್ದರಿಂದ. ಕರೆಯದಿದ್ದರೆ ತಲೆ ಎತ್ತುವ ಪ್ರಸಂಗವೇ ಇರಲಿಲ್ಲ. ಕಾಲ ಮೇಲೆ ಜಾಕು ಬಿದ್ದದ್ದು ಪಕ್ಕದ ಮನೆಯವರು ಅದೇ ಹೊತ್ತಿಗೆ ಸೀನಿದ್ದರಿಂದ. ಮೂಳೆ ಡಾಕ್ಟರ ಹತ್ತಿರ ಹೋಗೋಣ ಎಂದು ಹೆಂಡತಿ ಎಷ್ಟು ಸಲ ಕರೆದರೂ ಅವರು ಆ ಡಾಕ್ಟರ ಮುಖ ನೋಡಲಿಲ್ಲ. "ಇವತ್ತು ಸೊಂಟ ತೋರಿಸಿದ್ರೆ ನಾಳೆ ಟ್ರಾಕ್ಟರ್ ಬಿಡು ಅಂತಾನೆ. ಅವನ ಬುದ್ಧಿ ನನಗೆ ಗೊತ್ತಿಲ್ವಾ?"

ಹೆಂಡತಿಗೂ ಟ್ರಾಕ್ಟರಿನಲ್ಲಿ ಒಂದು ಕೆಲಸವಿತ್ತು. ಯಜಮಾನರು ಕೆಳಗೆ ಮಲಗಿದಾಗಲೆಲ್ಲ ಅವರು ಮೇಲೆ ಸೀಟಿನಲ್ಲಿ ಕೂತು, ಹೇಳಿದ ಪೆಡಲು ಒತ್ತಬೇಕು, ಹೇಳಿದಾಗ ಬಿಡಬೇಕು.

"ಕ್ಲಚ್ ಒತ್ತು."

"ಒತ್ತಿದೆ."

"ಬಿಡು. ಅಯ್ಯೋ, ಬಿಡು ಅಂದ್ರೆ ಕಾಲೆತ್ತಿಬಿಡೋದಲ್ಲ ಮಹರಾಯ್ತಿ, ಮೆಲ್ಲಗೆ ಬಿಡೋದು."

"ಅದನ್ನ ಒತ್ತೋಕೆ ಮುಂಚೆ ಹೇಳ್ಬೇಕು."

ಹೀಗೆ ಎರಡು ವರ್ಷ. ಯಾವ ಪೆಡಲನ್ನು ಹೇಗೆ ಒತ್ತಿದರೂ ಕೆಳಗಿನಿಂದ ಬೈಗುಳದ ಅಶರೀರವಾಣಿ ಕೇಳುತ್ತಲೇ ಇತ್ತು. ಆಯಮ್ಮ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಪೆಡಲು ಒತ್ತುತ್ತ, ಸೀಟಿನಲ್ಲೇ ಸೊಪ್ಪು ಸೋಸಿ ಮುಗಿಸುತ್ತಿದ್ದರು.

ಗುರುವಾರ ಬೆಳಗ್ಗೆ ನೆಲದ ಮೇಲೆ ಒಂದು ತೊಟ್ಟು ಆಯಿಲು ಕಂಡಿತು. ಯಜಮಾನರು ಟ್ರಾಕ್ಟರಿನ ಕೆಳಗೆ ಹಾಸಿದ್ದ ಹಳೆಯ ಬಾಗಿಲಿನ ಹಲಗೆಯ ಮೇಲೆ ಅಂಗಾತ ಮಲಗಿ, ಕೆಳಗಿನ ಬೋಲ್ಟನ್ನು ಒಂದೇ ಒಂದು ಸುತ್ತು ಬಿಗಿ ಮಾಡಿದರು. ಬೋಲ್ಟು ಬಿಗಿಯಾಯಿತು. ಅದೇ ಹೊತ್ತಿಗೆ ಸೊಂಟವೂ ಬಿಗಿಯಾಯಿತು.

ಅವರು ಏಳಲು ನೋಡಿದರು. ಆಗಲಿಲ್ಲ. ಮಗ್ಗುಲಾಗಲು ನೋಡಿದರು, ಕಣ್ಣಲ್ಲಿ ನಕ್ಷತ್ರ ಕಂಡವು. ಅಲುಗಾಡದೆ ಮಲಗಿದರೆ ಮಾತ್ರ ಯಾವ ನೋವೂ ಇಲ್ಲ. ಇವತ್ತು ಗುರುವಾರ, ಮೂರು ದಿನ ಕಳೆದರೆ ಮೆರವಣಿಗೆ, ಷರತ್ತು ಹಾಕಿದವರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾರೆ. ಯಜಮಾನರಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಇಷ್ಟು ದಿನ ಸುಮ್ಮನಿದ್ದು, ಸರಿಯಾಗಿ ಇವತ್ತೇ ಕೈಕೊಡಲು ಈ ಸೊಂಟಕ್ಕೆ ಯಾರು ಲಂಚ ಕೊಟ್ಟರು?

ಅಷ್ಟರಲ್ಲಿ ಹೆಜ್ಜೆ ಸದ್ದು ಕೇಳಿತು. ಯಜಮಾನರು ಥಟ್ಟನೆ ಕೈಗೆ ಸಿಕ್ಕ ಸ್ಪ್ಯಾನರಿನಿಂದ ಮೇಲಿನ ಕಬ್ಬಿಣಕ್ಕೆ ಟಣ್ ಟಣ್ ಎಂದು ಬಡಿದರು.

"ಏನ್ರೀ, ಇನ್ನೂ ಮುಗೀಲಿಲ್ವಾ?" ಹೆಂಡತಿ ಕೇಳಿದ್ದು ಹೊರಗೆ ಚಾಚಿದ್ದ ಅವರ ಕಾಲುಗಳನ್ನು.

"ಗೇರ್ ಬಾಕ್ಸ್. ದೊಡ್ಡ ಕೆಲಸ. ಇವತ್ತೆಲ್ಲ ಆಗುತ್ತೆ."

"ಪೆಡಲ್ ಒತ್ಲಾ?"

"ಬೇಡ ಬೇಡ. ನಿನಗ್ಯಾಕೆ ತೊಂದ್ರೆ."

ಹೆಜ್ಜೆ ಸದ್ದು ಒಳಗೆ ಹೋಯಿತು. ಮತ್ತೆ ಬಂದಾಗ ಕಾಫಿಯ ಜತೆ ಜ್ಯೂಸು ಕುಡಿಯುವ ಕೊಳವೆಯೊಂದು ಚಕ್ರದ ಸಂದಿಯಿಂದ ಒಳಗೆ ಬಂತು. "ಮೇಲೇಳೋದೇನೂ ಬೇಡ, ಕೆಲಸ ಕೆಡುತ್ತೆ," ಎಂದರು. ಯಜಮಾನರು ಬಿಸಿ ಕಾಫಿಯನ್ನು ಕೊಳವೆಯಲ್ಲಿ ಹೀರಿ ನಾಲಿಗೆ ಸುಟ್ಟುಕೊಂಡರು. ಸುಟ್ಟ ನಾಲಿಗೆಯಲ್ಲೇ "ಥ್ಯಾಂಕ್ಸು" ಎಂದರು.

ಸಂಜೆ ಹೆಂಡತಿ ಅಂಗಡಿಗೆ ಹೋದ ಸಮಯ ನೋಡಿ, ಚಕ್ರ ಹಿಡಿದು ಹೊರಗೆ ತೆವಳಿ, ಅಂಬೆಗಾಲಿಟ್ಟು ಮನೆ ಸೇರಿ, ಸೆಕೆ ಎಂಬ ನೆಪ ಹೇಳಿ ನೆಲದ ಮೇಲೆ ಮಲಗಿದ್ದಾಯಿತು. ಶುಕ್ರವಾರ ಬೆಳಗ್ಗೆ ಆಕೆ ಸ್ನಾನಕ್ಕೆ ಹೋದದ್ದೇ ತಡ, ಮತ್ತೆ ಅಂಬೆಗಾಲಲ್ಲಿ ಬಂದು ಹಲಗೆಯ ಮೇಲೆ ಪವಡಿಸಿದರು. ಈ ಜಗತ್ತಿನಲ್ಲಿ ನೋವಿಲ್ಲದೆ, ಮಾನವೂ ಹೋಗದೆ ಇರಬಹುದಾದ ಜಾಗ ಇದೊಂದೇ ಎಂದು ಅವರಿಗೆ ಮನದಟ್ಟಾಗಿತ್ತು. ಗಳಿಗೆಗೊಮ್ಮೆ ಟಣ್ ಟಣ್ ಎನ್ನಿಸಿದರೆ ಸಾಕು.

ಹನ್ನೊಂದರ ಹೊತ್ತಿಗೆ ಹೆಂಡತಿ ಯಾರನ್ನೋ ಕರೆದುಕೊಂಡು ಬಂದರು. ಕೆಳಗಿನಿಂದ ಕಂಡದ್ದು ಪಾಲಿಷು ಹಾಕಿದ ಒಂದು ಜತೆ ಬೂಟು, ಒಂದು ಚೀಲ.

"ಇವರಿಗೆ ಹಳೇ ಟ್ರಾಕ್ಟರ್ ಅಂದ್ರೆ ಪ್ರಾಣವಂತೆ. ನೋಡ್ಬೇಕು ಅಂದ್ರು, ಕರ್ಕೊಂಡು ಬಂದೆ."

"ನೋಡ್ಲಿ," ಎಂದರು ಯಜಮಾನರು, ಒಳಗೊಳಗೇ ಹಿಗ್ಗಿ.

ಬೂಟಿನವರು ಟ್ರಾಕ್ಟರು ನೋಡಲಿಲ್ಲ. ಯಜಮಾನರ ಪಾದದ ಬಳಿ ಕುಕ್ಕರಗಾಲಲ್ಲಿ ಕೂತರು. "ಕ್ಲಚ್ಚು ಯಾವ ಕಾಲಲ್ಲಿ ಒತ್ತೋದು?"

"ಎಡಗಾಲಲ್ಲಿ. ಇಷ್ಟೂ ಗೊತ್ತಿಲ್ವಾ ನಿಮಗೆ?"

"ಎಷ್ಟು ಜೋರಾಗಿ ಒತ್ಬೇಕು? ನನ್ನ ಅಂಗೈ ಮೇಲೆ ಒತ್ತಿ ತೋರಿಸಿ. ಹಾಂ. ಈಗ ಬ್ರೇಕು, ಬಲಗಾಲಲ್ಲಿ. ಹಾಂ, ಚೆನ್ನಾಗಿ ಒತ್ತುತ್ತೀರಿ."

ಚೆನ್ನಾಗಿ ಒತ್ತದೆ? ಯಜಮಾನರು ಬ್ರೇಕನ್ನು ಇನ್ನೊಂದು ಸಲ ಒತ್ತಿ ತೋರಿಸಿದರು.

"ಸೀಟು ಹತ್ತೋಕೆ ಕಾಲು ಎಷ್ಟು ಎತ್ತರಕ್ಕೆ ಎತ್ಬೇಕು? ಇಷ್ಟಾ?" ಎಂದು ಆ ಮನುಷ್ಯ ಯಜಮಾನರ ಕಾಲನ್ನು ನೆಟ್ಟಗೆ ಮೇಲೆತ್ತಿದರು. "ಇನ್ನೂ ಸ್ವಲ್ಪ ಮೇಲಾ?"

"ಅಷ್ಟೇ, ಅಷ್ಟೇ. ಅಷ್ಟು ಎತ್ತರ ಸಾಕು." ಯಜಮಾನರ ದನಿ ಕೀರಲಾಯಿತು.

ಆಮೇಲೆ ಮೊಣಕಾಲಿಗೆ ಯಾವುದೋ ಸಣ್ಣ ಸುತ್ತಿಗೆಯ ಪೆಟ್ಟು ಬಿತ್ತು. ಕಾಲು ತಾನಾಗಿ ಹಾರಿತು.

"ಏನ್ರೀ ಮಾಡ್ತಿದ್ದೀರಿ ಅಲ್ಲಿ?"

"ತುಕ್ಕು ಹಿಡಿದಿದೆಯಾ ಅಂತ ನೋಡಿದೆ."

"ತುಕ್ಕು ನೋಡೋದು ಅಲ್ಲಲ್ಲ ಸ್ವಾಮೀ, ಮೇಲೆ. ಮಡ್‌ಗಾರ್ಡಿನಲ್ಲಿ."

ಆ ಮನುಷ್ಯ ಯಜಮಾನರ ಕಾಲಿನ ಕಿರುಬೆರಳಿಗೆ ಸೂಜಿಯಂಥದ್ದೇನನ್ನೋ ತಾಗಿಸಿ, ತಿಳಿಯುತ್ತಾ ಎಂದು ಕೇಳಿ, ಮಡ್‌ಗಾರ್ಡಿನ ಕಡೆ ತಲೆಯೂ ಎತ್ತದೆ ಹೊರಟುಹೋದರು. ಯಜಮಾನರಿಗೆ ಮೈಯೆಲ್ಲ ಉರಿಯಿತು. ಎಂಥೆಂಥ ಜನ ಹಳೆಯ ಟ್ರಾಕ್ಟರಿನ ಅಭಿಮಾನಿಗಳು ಎಂದು ಹೇಳಿಕೊಂಡು ತಿರುಗುತ್ತಾರೆ. ಕ್ಲಚ್ಚು ಯಾವ ಕಾಲಿನದು ಎಂಬುದೂ ತಿಳಿಯದು, ಮನೆಯೊಡೆಯನ ಕಾಲಿನ ಮೇಲೆ ಸುತ್ತಿಗೆ ಆಡಿಸುವುದು ಮಾತ್ರ ಬರುತ್ತದೆ. ಮುಂದಿನ ಟಣ್ ಟಣ್ ಬೀದಿಯ ತುದಿಗೂ ಕೇಳಿಸಿರಬೇಕು.

ಶನಿವಾರ ಬೆಳಗ್ಗೆ ನೋಡಿದರೆ ಸೊಂಟ ಸಡಿಲವಾಗಿತ್ತು. ಯಜಮಾನರು ಮೆಲ್ಲನೆ ಎದ್ದರು, ಕೂತರು, ನಿಂತರು. ಒಂದು ಹೆಜ್ಜೆ ಇಟ್ಟು, ಸ್ವಲ್ಪ ತಡೆದು, ಇನ್ನೊಂದು ಹೆಜ್ಜೆ ಇಟ್ಟರು. ನಡಿಗೆ ನಿಧಾನ, ಆದರೆ ನಡಿಗೆಯೇ. ಮುಖದಲ್ಲಿ ಯುದ್ಧ ಗೆದ್ದ ಕಳೆ ಹೊತ್ತು ತಿಂಡಿಗೆ ಬಂದು ಕೂತರು.

"ಗೇರ್ ಬಾಕ್ಸ್ ಮುಗೀತು. ಎರಡು ದಿನ ಬೆನ್ನು ಮುರಿಯೋ ಹಾಗೆ ದುಡಿದೆ, ನೋಡು. ಸೊಂಟಕ್ಕೆ ಏನಾದ್ರೂ ಆಯ್ತಾ? ಎಳ್ಳಷ್ಟೂ ಇಲ್ಲ."

ಹೆಂಡತಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಹೇಳಿದರು, "ಎರಡು ದಿನ ಗಟ್ಟಿ ಹಲಗೆ ಮೇಲೆ ಅಂಗಾತ ಮಲಗಿಸಿ ಅಂತ ಡಾಕ್ಟರ್ ಹೇಳಿದ್ರು. ಮಂಚದ ಮೇಲೆ ಹಾಕಿದ್ರೆ ನೀವು ಮಲಗ್ತಿದ್ರಾ? ಅದಕ್ಕೇ ಇದ್ದಲ್ಲೇ ಇರ್ಲಿ ಅಂತ ಬಿಟ್ಟೆ."

"ಯಾವ ಡಾಕ್ಟರು?"

"ನಿನ್ನೆ ಬಂದಿದ್ರಲ್ಲ. ನೀವು ಅವರಿಗೆ ಬ್ರೇಕ್ ಒತ್ತಿ ತೋರಿಸಿದ್ರಲ್ಲ."

ಯಜಮಾನರ ಬ್ರೆಡ್ಡು ಕೈಯಲ್ಲೇ ಉಳಿಯಿತು. ಆ ಬೂಟು, ಆ ಚೀಲ, ಆ ಸುತ್ತಿಗೆ, ಆ ಸೂಜಿ ಒಂದಾದ ಮೇಲೊಂದು ತಲೆಯೊಳಗೆ ಸಾಲಾಗಿ ನಡೆದುಹೋದವು.

"ನಿನಗೆ... ನಿನಗೆ ಹೇಗೆ ಗೊತ್ತಾಯ್ತು?"

"ಎರಡು ವರ್ಷದಲ್ಲಿ ನೀವು ಟ್ರಾಕ್ಟರ್ ಕೆಳಗೆ ಹೋಗಿ ನನ್ನನ್ನ ಬೈಯದೆ ಇದ್ದಿದ್ದು ಮೊನ್ನೆ ಗುರುವಾರ ಒಂದೇ ದಿನ. ಮೇಲಿಂದ ಥ್ಯಾಂಕ್ಸ್ ಬೇರೆ ಅಂದ್ರಿ. ನನಗೆ ಕೈಕಾಲೇ ಆಡ್ಲಿಲ್ಲ. ನೆಟ್ಟಗೆ ಡಾಕ್ಟರ ಹತ್ರ ಓಡಿದೆ."

ಯಜಮಾನರು ಕೆಂಡವಾದರು. ಮೋಸ, ವಂಚನೆ, ಕಟ್ಟಿಕೊಂಡ ಗಂಡನಿಗೆ ಹಾಡಹಗಲೇ ಮಾಡಿದ ದ್ರೋಹ ಎಂದು ಒಂದೇ ಉಸಿರಿಗೆ ಹೇಳಿದರು. (ತಾವು ಎರಡು ದಿನ ಟಣ್ ಟಣ್ ಎನ್ನಿಸಿದ್ದು ಯಾವ ಲೆಕ್ಕಕ್ಕೆ ಸೇರುತ್ತದೆಂದು ಹೇಳಲಿಲ್ಲ.) ಹೇಳಿ ಮುಗಿದ ಮೇಲೆ, ಭಯದಿಂದ ಸಣ್ಣಗಾದ ದನಿಯಲ್ಲಿ ಕೇಳಿದರು, "ಹಾಗಾದ್ರೆ ನಾಳೆ? ಸಂಘಕ್ಕೆ ಫೋನ್ ಮಾಡಿಬಿಟ್ಯಾ?"

ಆಕೆ ಗಂಡನ ಮುಖ ನೋಡಿದರು. ಎರಡು ವರ್ಷ ಆ ಮುಖಕ್ಕೆ ಮೆತ್ತಿದ್ದ ಗ್ರೀಸು, ಆಯಿಲು, ಮಸಿ ಎಲ್ಲವನ್ನೂ ಒರೆಸಿದವರು ಅವರೇ. "ಮಾಡಿಲ್ಲ. ನಿಧಾನಕ್ಕೆ ಓಡಿಸೋದಾದ್ರೆ, ಬೆನ್ನಿಗೆ ದಿಂಬು ಇಟ್ಕೊಂಡ್ರೆ ಹೋಗ್ಬಹುದು ಅಂದ್ರು ಡಾಕ್ಟರು. ಹೋಗಿ ಬನ್ನಿ. ಷರತ್ತು ಇಟ್ಟಿದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ."

ಖುಷಿಯಾದದ್ದನ್ನು ತೋರಿಸಿಕೊಳ್ಳಬಾರದೆಂದು ಯಜಮಾನರು ಮತ್ತೆ ರೇಗಿದರು. "ಅದೆಲ್ಲ ಇರ್ಲಿ. ಇನ್ನೊಂದು ಸಲ ಟ್ರಾಕ್ಟರ್ ನೋಡೋ ವೇಷ ಹಾಕಿಸಿ ಡಾಕ್ಟರನ್ನ ಕರ್ಕೊಂಡು ಬಾ, ಆಗ ಹೇಳ್ತೀನಿ. ನನ್ನ ಕಣ್ಣಿಗೆ ಎರಡನೇ ಸಲ ಯಾರೂ ಮಣ್ಣೆರಚೋಕಾಗಲ್ಲ."

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಕನಸು ಕೈಯಲ್ಲಿತ್ತು. ಅದನ್ನು ಒಂದು ರಾತ್ರಿ ಹುಷಾರಾಗಿ ಹಿಡಿದುಕೊಂಡಿದ್ದರೆ ಸಾಕಿತ್ತು.

ಸಂಜೆಗೆ ಗೇಟಿನ ಬಳಿ ಒಬ್ಬರು ಬಂದು ನಿಂತರು. ಪಾಲಿಷು ಹಾಕಿದ ಬೂಟು, ಕೈಯಲ್ಲಿ ಚೀಲ. "ನಾನು ಹಳೇ ಟ್ರಾಕ್ಟರ್ ಸಂಘದ ಕಾರ್ಯದರ್ಶಿ. ನಾಳೆ ಬರೋ ಗಾಡಿಗಳನ್ನ, ಓಡಿಸೋರನ್ನ ಒಂದ್ಸಲ ನೋಡ್ಕೊಂಡು ಹೋಗ್ತಿದ್ದೀನಿ."

ಸಂಘದವರ ಜತೆ ಅದುವರೆಗಿನ ವ್ಯವಹಾರವೆಲ್ಲ ಫೋನಿನಲ್ಲೇ ನಡೆದಿತ್ತು. ಯಜಮಾನರು ಬೂಟನ್ನು ನೋಡಿದರು, ಚೀಲವನ್ನು ನೋಡಿದರು, ಆಮೇಲೆ ಆ ಮನುಷ್ಯನಿಗೆ ಒಂದು ಕಣ್ಣು ಹೊಡೆದರು.

"ಕಾರ್ಯದರ್ಶಿಗಳು. ಆಯ್ತು, ಹಾಗೇ ಇಟ್ಕೊಳ್ಳೋಣ. ಬನ್ನಿ."

"ಗಾಡಿ ಓಡಿಸೋದು ನೀವೇನಾ? ಆರೋಗ್ಯ ಎಲ್ಲ ಹೇಗಿದೆ?"

"ನೋಡಿದ್ರಾ, ಎರಡನೇ ಪ್ರಶ್ನೆಗೇ ಸಿಕ್ಕಿಬಿದ್ರಿ," ಎಂದು ಯಜಮಾನರು ನಕ್ಕರು. ಬಾಗಿಲಲ್ಲಿ ಹೆಂಡತಿ ಕಾಣಿಸಿಕೊಂಡರು. ಆಕೆ ತಲೆ ಅಲ್ಲಾಡಿಸಿದರು, ಕೆಮ್ಮಿದರು, ಕಣ್ಣಲ್ಲೇ ಬೇಡ ಬೇಡ ಎಂದರು. ಯಜಮಾನರು ಅತ್ತ ಕೈ ಬೀಸಿ, "ಸಾಕು ಬಿಡೇ ನಿನ್ನ ನಾಟಕ. ಬಂದಿರೋರು ಯಾರು ಅಂತ ನನಗೆ ಗೊತ್ತಿಲ್ವಾ?" ಎಂದರು.

ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡು ನೋವು ನುಂಗಿದವರು ಅವರು. ಹೇಳಿದರೆ ಟ್ರಾಕ್ಟರು ತಪ್ಪಿಹೋದೀತೆಂದು ಹೇಳದೆ ಉಳಿಸಿದ್ದು ಬೇಕಾದಷ್ಟಿತ್ತು. ಈಗ ಡಾಕ್ಟರೇ ಮನೆ ಬಾಗಿಲಿಗೆ ಬಂದಿದ್ದಾರೆ, ಹೋಗಬಹುದು ಎಂಬ ಅಪ್ಪಣೆಯೂ ಆಗಲೇ ಸಿಕ್ಕಿದೆ. ಇನ್ನು ಮುಚ್ಚಿಟ್ಟು ಆಗಬೇಕಾದ್ದೇನು? ಯಜಮಾನರು ಅಂಗಿ ಮೇಲೆತ್ತಿ ಸೊಂಟ ತೋರಿಸಿದರು.

"ಇಲ್ಲಿ ನೋಡಿ. ಹಿಡ್ಕೊಂಡ್ರೆ ಹಲಗೆಯಾಗಿಬಿಡುತ್ತೆ. ಯಾವಾಗ ಹಿಡ್ಕೊಳ್ಳುತ್ತೆ ಅಂತ ಅದಕ್ಕೇ ಗೊತ್ತಿರಲ್ಲ. ಬಲಗಾಲು ಇದೆಯಲ್ಲ, ಬ್ರೇಕಿನ ಕಾಲು, ಅದು ಆಗಾಗ ಜೋಮು ಹಿಡಿಯುತ್ತೆ. ಒತ್ತಿದ್ದೀನೋ ಇಲ್ವೋ ಬಗ್ಗಿ ನೋಡ್ಕೋಬೇಕು. ಬಗ್ಗೋಕೆ ಸೊಂಟ ಬಿಡಲ್ಲ. ಹೆಬ್ಬೆರಳು ಸ್ಟೀರಿಂಗ್ ಹಿಡಿಯಲ್ಲ. ಭುಜ ಇಷ್ಟೇ ಏಳೋದು, ನೋಡಿ, ಇಷ್ಟೇ. ಇದನ್ನೆಲ್ಲ ನನ್ನ ಹೆಂಡ್ತಿಗೂ ಹೇಳಿಲ್ಲ, ನಿಮಗೆ ಮೊದಲು ಹೇಳ್ತಿರೋದು."

ಬಂದವರ ಮುಖ ಬೆಳ್ಳಗಾಗುತ್ತ ಬಂತು. ಎಂಥ ಕಾಯಿಲೆಯಪ್ಪ ನನ್ನದು, ಡಾಕ್ಟರೇ ಬೆಚ್ಚಿಬೀಳುವಂಥದ್ದು ಎಂದು ಯಜಮಾನರಿಗೆ ಹೆಮ್ಮೆಯೇ ಆಯಿತು. ಅವರು ಇನ್ನೂ ಎರಡು ನೋವನ್ನು ಕೈಯಿಂದ ಹಾಕಿ ಸೇರಿಸಿದರು.

"ಸ್ವಾಮೀ," ಎಂದರು ಬಂದವರು, "ನಾಳೆ ದಾರಿಯ ಎರಡೂ ಕಡೆ ಮಕ್ಕಳುಮರಿ ನಿಂತಿರ್ತಾರೆ. ಒತ್ತಿದ್ದೀನೋ ಇಲ್ವೋ ಗೊತ್ತಾಗಲ್ಲ ಅನ್ನೋರ ಕೈಗೆ ಗಾಡಿ ಕೊಡೋಕಾಗಲ್ಲ."

"ಸಾಕು ಡಾಕ್ಟ್ರೇ, ಇನ್ನೂ ಎಷ್ಟು ಹೊತ್ತು ವೇಷ?"

"ಯಾವ ಡಾಕ್ಟ್ರು?" ಎಂದು ಅವರು ಚೀಲದಿಂದ ಸಂಘದ ಟೋಪಿ ತೆಗೆದು ತಲೆಗಿಟ್ಟುಕೊಂಡರು.

ಯಜಮಾನರು ಬಾಗಿಲಿನತ್ತ ನೋಡಿದರು. ಹೆಂಡತಿ ಕೆಮ್ಮುವುದನ್ನು ನಿಲ್ಲಿಸಿ, ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಯಜಮಾನರ ಅಂಗಿ ಇನ್ನೂ ಅರ್ಧ ಮೇಲೆಯೇ ಇತ್ತು.

ಆಮೇಲೆ ಅವರು ಮಾಡದ ವಾದವಿಲ್ಲ. ಹೇಳಿದ್ದೆಲ್ಲ ತಮಾಷೆಗೆ ಎಂದರು. ಅರ್ಧ ಸುಳ್ಳು ಎಂದರು. ಯಾವ ಅರ್ಧ ಎಂದು ಕಾರ್ಯದರ್ಶಿ ಕೇಳಿದಾಗ ಅಂಗಿ ಇಳಿಸಿಕೊಂಡರು. ಎರಡು ವರ್ಷದ ಶ್ರಮ, ಇದೊಂದು ದಿನಕ್ಕಾಗಿ ಬದುಕಿದ್ದೆ ಎಂದಾಗ ಮಾತ್ರ ಅವರ ದನಿ ನಿಜವಾಗಿ ನಡುಗಿತು. ಅದನ್ನು ಕೇಳಿ ಕಾರ್ಯದರ್ಶಿಗೂ ಪಾಪ ಎನ್ನಿಸಿತು.

"ಇಂಥ ಗಾಡಿ ಮನೇಲಿ ಉಳಿದ್ರೆ ನಮಗೂ ಬೇಜಾರೇ. ಮನೇಲಿ ಬೇರೆ ಯಾರಿಗಾದ್ರೂ ಓಡಿಸೋಕೆ ಬರುತ್ತಾ?"

"ಓಡಿಸಿ ಗೊತ್ತಿಲ್ಲ," ಎಂದರು ಹೆಂಡತಿ. "ಪೆಡಲ್ ಒತ್ತಿ ಗೊತ್ತು."

ಕಾರ್ಯದರ್ಶಿಯೇ ಮುಂದಿನ ಹ್ಯಾಂಡಲು ತಿರುಗಿಸಿದರು. ಆಕೆ ಸೆರಗು ಸಿಕ್ಕಿಸಿಕೊಂಡು ಸೀಟಿಗೆ ಹತ್ತಿದರು, ಕ್ಲಚ್ಚು ಒತ್ತಿದರು, ಹಾಲು ಉಕ್ಕದ ಹಾಗೆ ಉರಿ ಇಳಿಸುವಷ್ಟು ಮೆಲ್ಲಗೆ ಬಿಟ್ಟರು. ಟ್ರಾಕ್ಟರು ಒಂದಿಷ್ಟೂ ಜಗ್ಗದೆ ಗೇಟಿನವರೆಗೆ ಹೋಗಿ ನಿಂತಿತು. ಎರಡು ವರ್ಷ ಕೆಳಗಿನಿಂದ ಅಷ್ಟು ಬೈಸಿಕೊಂಡವರಿಗೆ ತಪ್ಪಾಗಿ ಒತ್ತುವ ದಾರಿಗಳೆಲ್ಲ ಮುಗಿದುಹೋಗಿದ್ದವು.

"ಯಾರಮ್ಮ ಕಲಿಸಿದ್ದು ನಿಮಗೆ?"

"ಇವರೇ," ಎಂದರು ಆಕೆ.

ಯಜಮಾನರು ಕೋಪದಿಂದ ಅಂಗಳದ ಆ ತುದಿಗೆ ನಡೆದರು. ಒಂದು ಹೆಜ್ಜೆ, ಸ್ವಲ್ಪ ತಡೆ, ಇನ್ನೊಂದು ಹೆಜ್ಜೆ. ಕಾರ್ಯದರ್ಶಿ ಅವರನ್ನೇ ನೋಡುತ್ತ ನಿಂತರು. ಅವರ ಕಣ್ಣು ಅರಳಿತು.

"ಸ್ವಾಮೀ, ನಿಮಗೂ ಒಂದು ಜವಾಬ್ದಾರಿ ಇದೆ. ಮೆರವಣಿಗೆ ಮುಂದೆ ಕೆಂಪು ಬಾವುಟ ಹಿಡ್ಕೊಂಡು ಒಬ್ರು ನಡೀಬೇಕು. ಅವರನ್ನ ದಾಟಿ ಯಾವ ಗಾಡೀನೂ ಹೋಗ್ಬಾರದು. ಪ್ರತಿ ಸಲ ಗಟ್ಟಿಮುಟ್ಟಾದೋರನ್ನ ಹಾಕ್ತೀವಿ, ಹುರುಪಿನಲ್ಲಿ ಓಡಿಬಿಡ್ತಾರೆ. ಇಷ್ಟು ನಿಧಾನವಾಗಿ, ಇಷ್ಟು ಗಂಭೀರವಾಗಿ ನಡೆಯೋರು ನಮಗೆ ಇವತ್ತಿನವರೆಗೆ ಸಿಕ್ಕಿರಲಿಲ್ಲ."

ಭಾನುವಾರ ಬಿಸಿಲು ಚೆನ್ನಾಗಿತ್ತು. ದಾರಿಯ ಎರಡೂ ಕಡೆ ಜನ ಕಿಕ್ಕಿರಿದಿದ್ದರು. ಎಲ್ಲರಿಗಿಂತ ಮುಂದೆ ಬಾವುಟ ಹಿಡಿದ ಯಜಮಾನರು, ಅವರ ಹಿಂದೆಯೇ ಅವರ ಟ್ರಾಕ್ಟರು, ಅದರ ಮೇಲೆ ಬೆನ್ನಿಗೆ ದಿಂಬಿಟ್ಟುಕೊಂಡ ಅವರ ಹೆಂಡತಿ. ಜನ ಕೈ ಬೀಸುತ್ತಿದ್ದದ್ದೆಲ್ಲ ಸೀಟಿನ ಕಡೆಗೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಹಿಂದಿನಿಂದ ಹಾರನ್ನು ಕೂಗಿತು. ಇಂಜಿನ್ನಿನ ಸದ್ದಿನ ಮೇಲೆ ಹೆಂಡತಿಯ ದನಿ ಕೇಳಿತು.

"ರೀ, ಸ್ವಲ್ಪ ಬೇಗ ನಡೀರಿ. ಇಂಜಿನ್ ಬಿಸಿಯಾಗ್ತಿದೆ."

ಯಜಮಾನರ ಪಿತ್ತ ನೆತ್ತಿಗೇರಿತು. ಹಿಂದೆ ತಿರುಗಿ ಒಂದು ಸಲ ಕಣ್ಣು ಕೆಕ್ಕರಿಸಿ ನೋಡಿದ್ದರೂ ಸಮಾಧಾನವಾಗುತ್ತಿತ್ತು. ಆದರೆ ಸೊಂಟ ತಿರುಗಿಸಬಾರದೆಂದು ಡಾಕ್ಟರ ಕಟ್ಟಪ್ಪಣೆಯಾಗಿತ್ತು. ಹಾಗಾಗಿ ಹೆಂಡತಿಗೆ ಸಲ್ಲಬೇಕಾದ ಬೈಗುಳವನ್ನೆಲ್ಲ ಅವರು ಎದುರಿಗೇ ಮುಖ ಮಾಡಿ, ಬಾವುಟ ಅಲ್ಲಾಡಿಸುತ್ತ, ಗಟ್ಟಿಯಾಗಿ ಬೈದರು. ಮುಂದೆ ನಿಂತಿದ್ದ ಜನ ತಮಗೇ ಹೇಳಿದ್ದೆಂದುಕೊಂಡು ಗಾಬರಿಯಿಂದ ಪಕ್ಕಕ್ಕೆ ಸರಿದರು. ದಾರಿ ಅಗಲವಾಗಿ ಬಿಟ್ಟುಕೊಂಡಿತು. ಹಿಂದೆ ಆಕೆ ಗೇರು ಬದಲಿಸಿದ ಸದ್ದು ಕೇಳಿತು.